ಒರಿಜಿನಲ್ ಸರ್ಟಿಫಿಕೇಟಿನ ಮರ್ಯಾದೆ

ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ ದುಡಿದ ಗಂಡನನ್ನು ಎದುರಿಗೆ ಕೂರಿಸಿಕೊಂಡು, ಒಂದು ಫಾರ್ಮ್ ತುಂಬಿಸಲು ಬೀದಿ ಮೂಲೆಯ ಟೈಪಿಂಗ್ ಅಂಗಡಿಗೆ ಹೋಗುತ್ತೇನೆ ಎನ್ನುವ ಹೆಂಡತಿಗೆ ಏನೆನ್ನಬೇಕು, ನೀವೇ ಹೇಳಿ. ನಾನಂತೂ ಇದು ಘೋರ ಅವಮಾನ ಎಂದೆ. ಗಟ್ಟಿಯಾಗಿಯೇ ಎಂದೆ. ಪಕ್ಕದ ಫ್ಲ್ಯಾಟಿನ ಕ್ಲೆಮೆಂಟಿನಾ ಬಾಯಿ ಟಿ.ವಿ.ಯ ಶಬ್ದ ಕಡಿಮೆ ಮಾಡಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. (ಧಾರಾವಾಹಿಗಿಂತ ನಮ್ಮ ಮನೆಯೇ ಚೆನ್ನಾಗಿರುತ್ತದೆ ಎಂದು ಆಕೆ ಒಮ್ಮೆ ನನ್ನ ಹೆಂಡತಿ ದಮಯಂತಿಯ ಹತ್ತಿರ ಹೇಳಿದ್ದುಂಟು.)

ಡಾಕ್ಯುಮೆಂಟ್ ಕಂಟ್ರೋಲರ್ ಎಂದರೆ ಸಾಮಾನ್ಯ ಮನುಷ್ಯನಲ್ಲ. ನಮ್ಮದು ಕಟ್ಟಡ ಕಟ್ಟುವ ಕಂಪನಿ. ಅಲ್ಲಿ ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು, ಕಾಗದ ಕಳೆದರೆ ಕಂಪನಿಯೇ ಇಲ್ಲ. ಆ ಕಾಗದಗಳ ಏಕಮೇವ ರಕ್ಷಕ ನಾನು, ಕೊಗ್ಗ. ನನ್ನ ಕೈ ದಾಟದೆ ಒಂದು ಚೀಟಿಯೂ ಹೊರಗೆ ಹೋಗುವಂತಿಲ್ಲ. ಆಫೀಸಿನ ಗೋಡೆಯ ಮೇಲೆ ಸಾಲಾಗಿ ತೂಗುವ ಸರ್ಟಿಫಿಕೇಟುಗಳಿಗೆ ಪ್ರತಿ ವರ್ಷ ಆಯುಧಪೂಜೆಯ ದಿನ ಪೂಜೆ ಸಲ್ಲಿಸುವವನೂ ನಾನೇ. ಕಳೆದ ವರ್ಷ ಆಫೀಸಿಗೆ ಲ್ಯಾಮಿನೇಟ್ ಮಾಡುವ ಯಂತ್ರ ಬಂದ ಮೇಲಂತೂ ಅವುಗಳ ರಕ್ಷಣೆ ವಜ್ರಕವಚದಷ್ಟು ಭದ್ರವಾಗಿದೆ. ಇಂಥ ನನ್ನನ್ನು ಬಿಟ್ಟು ಟೈಪಿಂಗ್ ಅಂಗಡಿ!

ವಿಷಯ ಇಷ್ಟು. ಮಸ್ಕತ್ತಿನ ಅಲ್ ಅಜೈಬಾ ಬಡಾವಣೆಯಲ್ಲಿ ನಮ್ಮ ದಮಯಂತಿಯದ್ದೊಂದು ಹೊಲಿಗೆ ಅಂಗಡಿಯಿದೆ. ಮಗಳ ಹೆಸರಿಟ್ಟು ‘ಭವ್ಯಶ್ರೀ ಲೇಡೀಸ್ ಟೈಲರಿಂಗ್’. ಒಡತಿ ಅವಳು, ಕಟಿಂಗ್ ಮಾಸ್ಟರ್ ನಮ್ಮ ಬಂಟ್ವಾಳದ ಇಸುಬು. ಭಾನುವಾರ ಬೆಳಿಗ್ಗೆ ಅವಳ ಮೊಬೈಲಿಗೆ ಸರ್ಕಾರದ ಸಂದೇಶ ಬಂತು. ಗುರುವಾರದೊಳಗೆ ಅಂಗಡಿಯ ವಾರ್ಷಿಕ ವರದಿ ಸಲ್ಲಿಸಬೇಕು, ಇಲ್ಲವಾದರೆ ನೋಂದಣಿ ತಡೆಹಿಡಿಯಲಾಗುವುದು. ನೋಂದಣಿ ನಿಂತರೆ ಇಸುಬುವಿನ ವೀಸಾ ನವೀಕರಣ ನಿಲ್ಲುತ್ತದೆ. ವೀಸಾ ನಿಂತರೆ ಶುಕ್ರವಾರ ರಾತ್ರಿ ಅವನು ಮಂಗಳೂರಿನ ವಿಮಾನ ಹತ್ತುವಂತಿಲ್ಲ. ಹತ್ತದಿದ್ದರೆ ಭಾನುವಾರ ಅವನ ಒಬ್ಬಳೇ ಮಗಳ ನಿಖಾಹ್ ಅಪ್ಪನಿಲ್ಲದೆ ನಡೆಯುತ್ತದೆ.

"ಝೊಹರಾಳ ಹತ್ತಿರ ಕೊಡುವ ಮಾರಾಯ್ರೇ, ಹತ್ತು ನಿಮಿಷದ ಕೆಲಸ," ಎಂದಳು ದಮಯಂತಿ. ಝೊಹರಾ ಎಂದರೆ ಮೂಲೆಯ ಸನದ್ ಸೆಂಟರಿನಲ್ಲಿ ಸರ್ಕಾರಿ ಅರ್ಜಿ ತುಂಬಿಸಿಕೊಡುವ ಒಮಾನಿ ಹುಡುಗಿ. ಈದ್ ಬಟ್ಟೆ ಹೊಲಿಸುವುದು ನಮ್ಮ ಅಂಗಡಿಯಲ್ಲೇ.

"ಝೊಹರಾ! ಅವಳ ಪ್ರಾಯದಷ್ಟು ನನ್ನ ಸರ್ವಿಸ್ ಉಂಟು!"

"ಅದಕ್ಕೇ ನನಗೆ ಹೆದರಿಕೆ ಆಗುದು."

ಇಷ್ಟಾದ ಮೇಲೆ ಬಿಡಲು ನಾನೇನು ಉಪ್ಪು ಖಾರ ತಿನ್ನದವನೇ? ಸೋಮವಾರ ಸಂಜೆ ಆಫೀಸಿನಿಂದ ಬಂದವನೇ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಪ್ರತಿಷ್ಠಾಪನೆ ಮಾಡಿದೆ. ಸರ್ಕಾರದ ವೆಬ್‌ಸೈಟಿನ ಒಳಗೆ ಹೋಗಬೇಕಾದರೆ ದಮಯಂತಿಯ ಮೊಬೈಲಿಗೆ ಬರುವ ಗುಪ್ತಸಂಖ್ಯೆ ಬೇಕು. ಅದರ ಆಯುಷ್ಯ ಒಂದೇ ನಿಮಿಷ. ದಮಯಂತಿ ಅಡುಗೆಮನೆಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದಳು.

"ನಂಬರ್ ಹೇಳು, ಬೇಗ!"

"ಕೈಯಲ್ಲಿ ಬಂಗುಡೆ ಉಂಟು, ಕಣ್ಣಲ್ಲಿ ಕನ್ನಡಕ ಇಲ್ಲ. ನಾಲ್ಕು... ಆಮೇಲೆ ಇದು ಒಂಬತ್ತಾ, ಏಳಾ?"

ಮೂರು ಗುಪ್ತಸಂಖ್ಯೆಗಳು ಬಂಗುಡೆಯ ಸನ್ನಿಧಿಯಲ್ಲೇ ಪ್ರಾಣಬಿಟ್ಟವು. ನಾಲ್ಕನೆಯದನ್ನು ಭವ್ಯಶ್ರೀ ಬಂದು ಓದಿ ಹೇಳಿ, "ಅಪ್ಪಾ, ವೈ ಆರ್ ಯು ಶೌಟಿಂಗ್?" ಎಂದು ಕೇಳಿ ಒಳಗೆ ಹೋದಳು.

ಅರ್ಜಿ ತೆರೆದುಕೊಂಡಿತು. ಹೊಲಿಗೆ ಯಂತ್ರ ಎಷ್ಟು?

"ಮೂರು," ಎಂದಳು ದಮಯಂತಿ.

"ನಾಲ್ಕಲ್ವಾ?"

"ನಾಲ್ಕನೆಯದ್ದನ್ನು ರಿಪೇರಿ ಮಾಡ್ತೇನೆ ಅಂತ ನೀವೇ ಬಿಚ್ಚಿದ್ದು. ಅದು ಈಗ ಡಬ್ಬಿಯಲ್ಲಿ ಉಂಟು."

ಮುಂದಿನ ಪ್ರಶ್ನೆ ಗಂಭೀರವಾಗಿತ್ತು. ಈ ವ್ಯವಹಾರದ ಮೇಲೆ ಅಂತಿಮ ಹತೋಟಿ ಯಾರದ್ದು? ನಾನು ಸ್ವಲ್ಪ ಹೊತ್ತು ಯೋಚಿಸಿದೆ. ನಮ್ಮದು ಅಳಿಯಸಂತಾನದ ಮನೆತನ. ಅಜ್ಜಿಯ ಕಾಲದಿಂದಲೂ ಆಸ್ತಿ ಹೆಂಗಸರ ಕಡೆ, ಜವಾಬ್ದಾರಿ ಗಂಡಸರ ಕಡೆ. ಸಮುದ್ರ ದಾಟಿ ಬಂದ ಮೇಲಾದರೂ ಇದು ಬದಲಾಗಬಾರದೇ ಎಂದುಕೊಂಡು ನನ್ನ ಹೆಸರನ್ನೇ ಬರೆದೆ. ಹಿಂದೆ ನಿಂತು ನೋಡುತ್ತಿದ್ದ ದಮಯಂತಿ "ಬರೀರಿ, ಬರೀರಿ" ಎಂದು ನಕ್ಕು ಒಲೆಯ ಕಡೆ ಹೋದಳು. ಆ ನಗು ನನಗೆ ಹಿಡಿಸಲಿಲ್ಲ.

ಕೊನೆಗೆ ನೋಂದಣಿ ಸರ್ಟಿಫಿಕೇಟಿನ ಪ್ರತಿ ಲಗತ್ತಿಸಬೇಕಿತ್ತು.

"ಹೊಸದೊಂದು ಕಂಪ್ಯೂಟರಿಂದ ತೆಗೀಲಿಕ್ಕೆ ಆಗ್ತದಂತೆ, ಝೊಹರಾ ಹೇಳಿದ್ಲು," ಎಂದು ಒಳಗಿಂದ ದಮಯಂತಿಯ ಧ್ವನಿ ಬಂತು.

ನನ್ನ ಪಿತ್ತ ನೆತ್ತಿಗೇರಿತು. ಕಂಪ್ಯೂಟರಿನಿಂದ ತೆಗೆದದ್ದು ನಕಲು! ಅಂಗಡಿಯ ಗೋಡೆಯ ಮೇಲೆ ತೂಗುತ್ತಿರುವುದು ಒರಿಜಿನಲ್! ನಾನೇ ಕೈಯಾರೆ ಪೂಜೆ ಮಾಡಿ, ನಾನೇ ಆಫೀಸಿಗೆ ಒಯ್ದು ಲ್ಯಾಮಿನೇಟ್ ಮಾಡಿಸಿ ತಂದು ತೂಗುಹಾಕಿದ್ದು! ಒರಿಜಿನಲ್ ಕೈಯಲ್ಲಿರುವಾಗ ನಕಲು ಕೊಡುವುದೆಂದರೆ, ಹೆತ್ತ ತಾಯಿ ಎದುರಿಗಿರುವಾಗ ಆಕೆಯ ಫೋಟೋಗೆ ನಮಸ್ಕಾರ ಮಾಡಿದ ಹಾಗೆ. ಹೀಗೊಂದು ಉಪನ್ಯಾಸವನ್ನೇ ಕೊಟ್ಟೆ. ಇಸುಬು ಅಂಗಡಿಯ ಗೋಡೆಯಿಂದ ಅದನ್ನಿಳಿಸಿ, ಒಣಗಿದ ಹಾರದ ಸಮೇತ ಬ್ಲೌಸ್ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಸ್ಕ್ಯಾನ್ ಮಾಡಿ ಕಳಿಸಿ ಬಂಗುಡೆ ಹುರಿದದ್ದರಲ್ಲಿ ಎರಡು ಜಾಸ್ತಿಯೇ ತಿಂದೆ.

ಮಂಗಳವಾರ ಉತ್ತರ ಬಂತು: ದಾಖಲೆ ಸ್ಪಷ್ಟವಾಗಿಲ್ಲ, ಮತ್ತೆ ಸಲ್ಲಿಸಿ.

ಸ್ಪಷ್ಟವಾಗಿಲ್ಲವಂತೆ! ನಾನು ಸ್ಕ್ಯಾನ್ ಮಾಡಿದ ದಾಖಲೆ! ಮತ್ತೆ ಕಳಿಸಿದೆ, ಜೊತೆಗೆ ನನ್ನ ಸೇವಾವಧಿಯನ್ನು ಸವಿವರವಾಗಿ ನಮೂದಿಸಿದ ಎರಡು ಪುಟದ ಪ್ರತಿಭಟನಾ ಪತ್ರವನ್ನೂ ಕಳಿಸಿದೆ. ಬುಧವಾರ ಬೆಳಿಗ್ಗೆ ಅದೇ ಉತ್ತರ. ಪ್ರತಿಭಟನೆಯ ಬಗ್ಗೆ ಒಂದಕ್ಷರವಿಲ್ಲ. ಬಾಲ್ಕನಿಯಲ್ಲಿ ಭವ್ಯಶ್ರೀಯ ಕೈಯಲ್ಲಿ ಸರ್ಟಿಫಿಕೇಟು ಹಿಡಿಸಿ ಬಿಸಿಲಿಗೆ ಒಡ್ಡಿ ಫೋಟೋ ತೆಗೆದೆ. ಅಡ್ಡ ತೆಗೆದೆ, ಉದ್ದ ತೆಗೆದೆ. ಅವಳ ಸ್ಕೂಲ್ ಬಸ್ಸು ತಪ್ಪಿತು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ತಿರಸ್ಕಾರವೂ ಬಂತು.

"ಈಗಲಾದ್ರೂ ಝೊಹರಾ..." ಎಂದು ದಮಯಂತಿ ಬಾಯಿ ತೆರೆದಳು.

"ಅವಳ ಹೆಸರು ಎತ್ತಬೇಡ! ಇದು ನನಗೂ ಆ ಕಂಪ್ಯೂಟರಿಗೂ ಇರುವ ವಿಷಯ!"

"ಇಲ್ಲ, ಇದು ಇಸುಬುಗೂ ಅವನ ಮಗಳಿಗೂ ಇರುವ ವಿಷಯ."

ಸಂಜೆ ಇಸುಬು ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ. "ಕೊಗ್ಗಣ್ಣ, ಸೂಟ್‌ಕೇಸು ಕಟ್ಟಿ ಆಯ್ತು. ಮಗಳು ದಿನಕ್ಕೆ ಮೂರು ಸಲ ಫೋನು ಮಾಡ್ತಾಳೆ, ಬರ್ತೀರಾ ಇಲ್ವಾ ಅಂತ. ನಾನು ಎಂತ ಹೇಳುದು?"

ಆ ಹುಡುಗಿಗೆ ಆರು ತಿಂಗಳಿದ್ದಾಗ ಇಸುಬು ವಿಮಾನ ಹತ್ತಿದವನು. ಹುಟ್ಟುಹಬ್ಬ, ಸ್ಕೂಲ್ ಡೇ ಎಲ್ಲವೂ ಮೊಬೈಲಿನಲ್ಲೇ ನಡೆದಿವೆ. ಇದೊಂದು ದಿನವೂ ಮೊಬೈಲಿನಲ್ಲೇ ಆಗಿಬಿಟ್ಟರೆ ನಾನು ಅವನ ಮುಖ ನೋಡುವುದು ಹೇಗೆ? ಆದರೆ ಸಂಕಟವಾದರೆ ನಾನು ಇನ್ನೂ ಗಟ್ಟಿಯಾಗಿ ಮಾತಾಡುತ್ತೇನೆ. "ನಾಳೆ ನಾನೇ ಬರ್ತೇನೆ ಸನದ್ ಸೆಂಟರಿಗೆ. ತಪ್ಪು ಯಾರದ್ದು ಅಂತ ನಾಲ್ಕು ಜನರ ಮುಂದೆ ತೀರ್ಮಾನ ಆಗ್ಲಿ!"

ಗುರುವಾರ ಬೆಳಿಗ್ಗೆ ಆಫೀಸಿಗೆ ಎರಡು ಗಂಟೆ ರಜೆ ಹೇಳಿ ಹೊರಟೆ. ಮುಂದೆ ಸರ್ಟಿಫಿಕೇಟು ಹಿಡಿದ ನಾನು, ಹಿಂದೆ ದಮಯಂತಿ, ಅವಳ ಹಿಂದೆ ಇಸುಬು. ಸೆಂಟರಿನಲ್ಲಿ ಬೆಂಚು ತುಂಬ ಜನರಿದ್ದರು. ಝೊಹರಾ ದಮಯಂತಿಯನ್ನು ಕಂಡು ಮುಖವರಳಿಸಿದಳು, ನನ್ನನ್ನು ಕಂಡು ಸಲಾಂ ಹೇಳಿದಳು. ನಾನು ಸರ್ಟಿಫಿಕೇಟನ್ನು ಎರಡೂ ಕೈಯಿಂದ ಒಪ್ಪಿಸಿದೆ. ಅವಳು ಅದರ ಮೂಲೆಗೆ ತನ್ನ ಯಂತ್ರದ ಬೆಳಕು ಹಿಡಿದಳು. ‘ಟಿಕ್’ ಎನ್ನಬೇಕಾದ ಯಂತ್ರ ಸುಮ್ಮನಿತ್ತು. ಮತ್ತೆ ಹಿಡಿದಳು. ಸುಮ್ಮನಿತ್ತು. ಸರ್ಟಿಫಿಕೇಟನ್ನು ಕಣ್ಣಿನ ಹತ್ತಿರ ತಂದಳು.

"ಬಾಬಾ, ಯೇ ಲಾಲ್ ಲಾಲ್ ಕ್ಯಾ ಹೈ?"

ಆಗ ನೋಡಿದೆ. ಮೂಲೆಯಲ್ಲಿ ಕಪ್ಪುಬಿಳುಪು ಚುಕ್ಕಿಗಳ ಒಂದು ಚೌಕವಿರುತ್ತದಲ್ಲ, ಯಂತ್ರ ಓದುವುದು ಅದನ್ನೇ. ಆ ಚೌಕದ ನಟ್ಟನಡುವೆ ಹೆಬ್ಬೆಟ್ಟಿನಗಲದ ಕುಂಕುಮದ ಬೊಟ್ಟು. ಪ್ಲಾಸ್ಟಿಕ್ಕಿನ ಒಳಗೆ, ಒರೆಸಲೂ ಬಾರದ ಹಾಗೆ, ಅಚ್ಚ ಕೆಂಪಗೆ ಹರಡಿ ಕೂತಿತ್ತು. (ಮೂರು ದಿನ ಕಾಣದ್ದು ಈಗ ಕಂಡಿತೇ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಫ್ರಿಜ್ಜಿಗೂ ಬೊಟ್ಟಿದೆ, ಕಾರಿನ ಬಾನೆಟ್ಟಿಗೂ ಇದೆ. ಇದ್ದದ್ದು ಕಣ್ಣಿಗೆ ಬೀಳುವುದಿಲ್ಲ, ಇಲ್ಲದಿದ್ದರೆ ಬೀಳುತ್ತದೆ.)

ಸಿಕ್ಕಿತಲ್ಲ ಅಪರಾಧಿಯ ಗುರುತು! ನನ್ನ ಮೂರು ದಿನದ ಕೋಪಕ್ಕೆ ಒಂದು ದಾರಿ ಸಿಕ್ಕಿತು. ಬೆಂಚಿನಲ್ಲಿದ್ದವರಿಗೆಲ್ಲ ಕೇಳುವಂತೆ, ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಶುರು ಮಾಡಿದೆ. "ಸರ್ಕಾರಿ ದಾಖಲೆಗೆ ಕುಂಕುಮ ಬಳಿಯುವ ಮೂರ್ಖ ಯಾರು? ಜವಾಬ್ದಾರಿ ಇಲ್ವಾ? ನಮ್ಮ ಆಫೀಸಿನಲ್ಲಿ ಹೀಗೆ ಮಾಡಿದ್ರೆ ಅದೇ ದಿನ ಮನೆಗೆ ಕಳಿಸ್ತೇನೆ!" ಎಂದು ಇಸುಬುವಿನ ಕಡೆ ತಿರುಗಿದೆ.

"ನನ್ನನ್ನು ಎಂತ ನೋಡುದು ಕೊಗ್ಗಣ್ಣ? ನಾನು ಬ್ಯಾರಿ. ಕುಂಕುಮದ ಡಬ್ಬಿ ಎಲ್ಲಿಡ್ತಾರೆ ಅಂತಲೇ ನನಗೆ ಗೊತ್ತಿಲ್ಲ."

ಸರಿ, ಹೆಂಡತಿಯ ಕಡೆ ತಿರುಗಿದೆ. ದಮಯಂತಿ ಕನ್ನಡಕ ಹಾಕಿಕೊಂಡಳು, ಮೊಬೈಲಿನಲ್ಲಿ ಹುಡುಕಿದಳು, ಕೌಂಟರಿನ ಮೇಲಿಟ್ಟಳು. ಆಯುಧಪೂಜೆಯ ಫೋಟೋ. ಪಂಚೆ ಉಟ್ಟು, ಶಾಲು ಹೊದ್ದು, ಕಣ್ಣು ಅರ್ಧ ಮುಚ್ಚಿ, ಉಂಗುರದ ಬೆರಳನ್ನು ಸರ್ಟಿಫಿಕೇಟಿನ ಚೌಕದ ಮೇಲೆ ಒತ್ತಿ ನಿಂತಿರುವ ಮಹನೀಯ ಬೇರೆ ಯಾರೂ ಅಲ್ಲ. ಅವಳ ಧ್ವನಿ ಆಗ ಹೊರಬಂತು. "ಅವತ್ತೇ ಹೇಳಿದ್ದೆ, ಅಲ್ಲಿ ಬೇಡ ಅಂತ. ‘ಉಳಿದ ಕಡೆಯೆಲ್ಲ ಅಕ್ಷರ ಉಂಟು, ಇದೊಂದೇ ರಂಗೋಲಿಯ ಹಾಗೆ ಉಂಟು, ರಂಗೋಲಿಯ ಮಧ್ಯಕ್ಕೆ ಬೊಟ್ಟಿಡುದು ನಮ್ಮ ಕ್ರಮ’ ಅಂದವರು ನೀವು. ಪ್ರಸಾದ ಉದುರಬಾರದು ಅಂತ ಮಾರನೇ ದಿನವೇ ಲ್ಯಾಮಿನೇಟ್ ಮಾಡಿಸಿದವರೂ ನೀವು."

ಫೋಟೋ ಬೆಂಚಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಂಚಾರ ಹೋಗಿಬಂತು. ಝೊಹರಾ ನಗದೆ ಇರಲು ತುಂಬ ಕಷ್ಟಪಟ್ಟಳು. ಕಂಪ್ಯೂಟರಿನಲ್ಲಿ ಎರಡು ಕಡೆ ಒತ್ತಿ ಹೊಸ ಸರ್ಟಿಫಿಕೇಟು ತೆಗೆದು, ಅರ್ಧ ನಿಮಿಷದಲ್ಲಿ ಲಗತ್ತಿಸಿದಳು. ನಾನು ತುಂಬಿದ ಅರ್ಜಿಯ ಮೇಲೆ ಕಣ್ಣಾಡಿಸುತ್ತ ಒಂದು ಪ್ರಶ್ನೆಯ ಹತ್ತಿರ ನಿಂತಳು. ಅಂತಿಮ ಹತೋಟಿ: ಕೊಗ್ಗ. ಅವಳು ನನ್ನನ್ನು ನೋಡಿದಳು, ದಮಯಂತಿಯನ್ನು ನೋಡಿದಳು. ಯಾರನ್ನೂ ಕೇಳದೆ ನನ್ನ ಹೆಸರು ಅಳಿಸಿ ದಮಯಂತಿ ಎಂದು ಬರೆದು, "ಖಲಾಸ್!" ಎಂದಳು.

ವರದಿ ಒಪ್ಪಿತವಾಯಿತು. ಇಸುಬುವಿನ ವೀಸಾ ಅರ್ಜಿಯನ್ನೂ ಅಲ್ಲೇ ಕಳಿಸಿದರು, ಸಂಜೆಯೊಳಗೆ ಅದೂ ಆಗುತ್ತದೆ ಎಂದಳು ಝೊಹರಾ. ಇಸುಬು ಕಣ್ಣೊರೆಸಿಕೊಂಡು, "ದಮಯಂತಿ ಅಕ್ಕ, ನೀವು ಇಲ್ಲದಿದ್ರೆ ನನ್ನ ಮಗಳು..." ಎಂದು ಅರ್ಧಕ್ಕೇ ನಿಲ್ಲಿಸಿದ. ಮತ್ತೆ ನನ್ನ ಕಡೆ ತಿರುಗಿ ಸಮಾಧಾನಪಡಿಸುವಂತೆ, "ನೀವೂ ಸಾಕಷ್ಟು ಕಷ್ಟಪಟ್ಟಿದ್ದೀರಿ ಕೊಗ್ಗಣ್ಣ" ಎಂದ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆಫೀಸು ತಲುಪುವವರೆಗೂ ಒಂದೇ ಸಮಾಧಾನ. ಮರ್ಯಾದೆ ಹೋದದ್ದು ಅಲ್ ಅಜೈಬಾದ ಒಂದು ಬೆಂಚಿನ ಮುಂದೆ ಮಾತ್ರ. ಇಲ್ಲಿ ಯಾರಿಗೂ ಗೊತ್ತಿಲ್ಲ, ಇಲ್ಲಿ ನಾನು ಇಂದಿಗೂ ಕಾಗದಗಳ ಏಕಮೇವ ರಕ್ಷಕ. ಕುರ್ಚಿಯಲ್ಲಿ ಕೂರುವ ಮೊದಲೇ ನಮ್ಮ ಮ್ಯಾನೇಜರ್ ಬೊನಿಫಾಸ್ ಸರ್ ಕರೆದರು.

"ಕೊಗ್ಗ, ನಮ್ಮ ಕಂಪನಿಯ ವಾರ್ಷಿಕ ವರದಿಗೂ ಇವತ್ತೇ ಕಡೆ ದಿನ. ಬೆಳಿಗ್ಗೆಯಿಂದ ಮೂರು ಸಲ ಕಳಿಸಿ ಆಯ್ತು, ಸ್ಪಷ್ಟ ಇಲ್ಲ ಅಂತ ವಾಪಸ್ ಬರ್ತಾ ಉಂಟು. ಇದೆಂತ ಮಾರಾಯ, ಈ ಮೂಲೆಯಲ್ಲಿ ಕೆಂಪು?"

ನಾನು ಗೋಡೆಯ ಕಡೆ ನೋಡಿದೆ. ಸಾಲು ಸಾಲಾಗಿ ತೂಗುವ ಸರ್ಟಿಫಿಕೇಟುಗಳು. ಒಂದೊಂದರಲ್ಲೂ ಒಂದೊಂದು ಚೌಕ. ಒಂದೊಂದು ಚೌಕದಲ್ಲೂ ಒಂದೊಂದು ಬೊಟ್ಟು. ಎಲ್ಲವೂ ವಜ್ರಕವಚದ ಒಳಗೆ ಭದ್ರವಾಗಿದ್ದವು.

"ಒಂದು ನಿಮಿಷ ಸರ್" ಎಂದು ಹೊರಗೆ ಬಂದು, ಮೆಟ್ಟಿಲ ಕೆಳಗೆ ಯಾರೂ ಇಲ್ಲದ ಕಡೆ ನಿಂತು ಮನೆಯಾಕೆಗೆ ಫೋನು ಮಾಡಿದೆ.

"ದಮಯಂತಿ, ಆ ಝೊಹರಾಳ ನಂಬರ್ ಸ್ವಲ್ಪ ಕೊಡು."

ಆ ಕಡೆ ಹೊಲಿಗೆ ಯಂತ್ರದ ಸದ್ದು ಟಕ್ಕನೆ ನಿಂತಿತು. ಏಕೆ, ಏನು ಎಂದು ಅವಳು ಕೇಳಲೇ ಇಲ್ಲ.

"ಎಷ್ಟಕ್ಕೆ ಹಚ್ಚಿದ್ದೀರಿ?"

"ಏಳು," ಎಂದೆ. "ರಿಸೆಪ್ಶನ್ನಿನಲ್ಲಿ ಇರುವುದೂ ಸೇರಿದ್ರೆ ಎಂಟು."