ಅಪ್ಪನ ಮೇಲೆ ಕೇಸು ಹಾಕಿದ ನನ್ನ ತಮ್ಮ

ಜಗತ್ತಿನ ಯಾವ ಮೂಲೆಯಲ್ಲಿ ಯುದ್ಧವಾದರೂ ಅದನ್ನು ನಿಲ್ಲಿಸುವ ಉಪಾಯ ಬಲ್ಲ ಏಕೈಕ ವ್ಯಕ್ತಿ ಹಾಸನದಲ್ಲಿ, ನನ್ನ ಗಂಡನ ಮನೆಯ ಮಹಡಿ ಕೋಣೆಯಲ್ಲಿ, ಬಿಸಿಲು ಮುಖಕ್ಕೆ ಬೀಳುವ ತನಕ ಮಲಗಿರುತ್ತಾನೆ. ಅವನು ನನ್ನ ತಮ್ಮ. ವೃತ್ತಿಯಲ್ಲಿ ವಕೀಲ. ಮೀಸೆ ಈಗಷ್ಟೇ ದಟ್ಟವಾಗುತ್ತಿದೆ. ಮಾತು ಮಾತ್ರ ನಿವೃತ್ತ ರಾಯಭಾರಿಯದು! ಇಂಥ ಶಾಂತಿದೂತ ಸ್ವಂತವಾಗಿ ಹಾಕಿದ ಮೊದಲ ಕೇಸು ಯಾರ ಮೇಲೆ ಗೊತ್ತೇ? ನಮ್ಮಪ್ಪನ ಮೇಲೆ!

ಅದಕ್ಕೆ ಮುಂಚೆ ಅವನ ಕೆಲಸವೆಂದರೆ ವಾಯಿದೆ ಕೇಳುವುದು. 'ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಇನ್ನೊಂದು ದಿನ ಕೊಡಿ' ಎಂದು ಇವತ್ತು ಅರಕಲಗೂಡಿನಲ್ಲಿ, ನಾಳೆ ಚನ್ನರಾಯಪಟ್ಟಣದಲ್ಲಿ ಕೈಮುಗಿದು ಬರುತ್ತಿದ್ದ. ಇದೂ ಒಂದು ಕೆಲಸವೇನೋ ಎಂದು ಛೇಡಿಸಿದರೆ, ದೊಡ್ಡ ದೇಶಗಳು ಕದನವಿರಾಮ ಅನ್ನುವುದೂ ಇದನ್ನೇ ಎನ್ನುತ್ತಿದ್ದ.

ಶನಿವಾರ ಬಂತೆಂದರೆ ಗೆಳೆಯರ ಜೊತೆ ಬೈಪಾಸಿನ ಡಾಬಾಕ್ಕೆ 'ನೈಟ್ ಔಟ್'. ಮಧ್ಯಾಹ್ನದಿಂದಲೇ ಅಂಗಿ ಇಸ್ತ್ರಿ, ನಮ್ಮ ಯಜಮಾನರ ಸೆಂಟು. ಊರಿನಿಂದ ಅವ್ವ ಫೋನು ಮಾಡಿ, ಮಗ ಕುಡಿದು ಕೆಟ್ಟನೇನೋ ಎಂದು ಗೋಳಾಡುತ್ತಿದ್ದಳು. ಪಾಪ, ಅವಳಿಗೇನು ಗೊತ್ತು! ಇವನು ಕುಡಿಯುತ್ತಿದ್ದುದು ಮಜ್ಜಿಗೆ. ಅದು ಗಂಟಲಿಗಿಳಿದೊಡನೆ ವಿಶ್ವಸಂಸ್ಥೆಯ ವೀಟೋ ಬಗ್ಗೆ ಶುರು. 'ಎಲ್ಲ ದೇಶಗಳೂ ಕೈ ಎತ್ತಿದರೂ ಒಬ್ಬ ದೊಡ್ಡಣ್ಣ ಬೇಡ ಅಂದರೆ ಮುಗೀತು, ಇದು ಯಾವ ನ್ಯಾಯ?' ನಿಜವಾಗಿ ಕುಡಿದವರ ಅಮಲೂ ಇಳಿದುಹೋಗಿ, ಅವರೇ ಇವನನ್ನು ತಂದು ಬಿಡುತ್ತಿದ್ದರು. ನಮ್ಮ ಬೀದಿಯ ಮಕ್ಕಳು ಇನ್ನೂ ಆಡುತ್ತಿರುವಾಗಲೇ ಇವನ ನೈಟ್ ಔಟ್ ಮುಗಿದಿರುತ್ತಿತ್ತು!

ಆ ವೀಟೋ ನಮ್ಮ ಹಟ್ಟಿಯಲ್ಲೇ ಇದೆ ಎಂದು ಅವನಿಗೆ ತಿಳಿದದ್ದು ಬಾಗೂರಿನ ಅತ್ತೆ ಬಂದ ದಿನ. ಅವರು ಅಪ್ಪನ ಒಬ್ಬಳೇ ತಂಗಿ. ಗಂಡ ತೀರಿಕೊಂಡ ಮೇಲೆ, ಹೊಳೆನರಸೀಪುರದ ಬಳಿಯ ನಮ್ಮೂರಿನಲ್ಲಿ ತಾತ ಬಿಟ್ಟುಹೋದ ಜಮೀನಿನಲ್ಲಿ ತನ್ನ ಪಾಲು ಕೇಳಿದ್ದರು. ಅಪ್ಪ, ಹಬ್ಬ ಹುಣ್ಣಿಮೆಗೆ ಬಾ, ಪಾಲಿಗೆ ಬರಬೇಡ ಎಂದು ಕಳಿಸಿಬಿಟ್ಟಿದ್ದರು. ಕಾನೂನು ಏನೇ ಹೇಳಲಿ, ನಮ್ಮ ಕಡೆ ಹೆಣ್ಣುಮಕ್ಕಳಿಗೆ ಒಂದೋ ಪಾಲು, ಇಲ್ಲವೇ ತವರು. ಕೋರ್ಟು ಹತ್ತಿದವಳಿಗೆ ಗೌರಿಹಬ್ಬದ ಬಾಗಿನ ಬರುವುದಿಲ್ಲ, ಅಣ್ಣನ ಮನೆ ಬಾಗಿಲು ತೆರೆಯುವುದಿಲ್ಲ. ಅತ್ತೆಗೆ ಪಾಲು, ತವರು ಎರಡೂ ಬೇಕಿತ್ತು. ಎರಡನ್ನೂ ಕೊಡಿಸುತ್ತೇನೆಂದು ಇವನು ವಕಾಲತ್ತು ಹಿಡಿದ. ನಾನು ತಲೆ ಚಚ್ಚಿಕೊಂಡೆ.

ನೋಟಿಸು ತಲುಪಿದ ದಿನವೇ ಅಪ್ಪ ಆರ್ಥಿಕ ದಿಗ್ಬಂಧನ ಹೇರಿದರು. ಮಗ ಊರಿಗೆ ಬಂದರೆ ಅವನ ತಟ್ಟೆಗೆ ಬಾಡು ಬಡಿಸಕೂಡದು! ಅವ್ವ ಪತಿವ್ರತೆ, ಮಾತು ಮೀರಲಿಲ್ಲ. ತುಂಡುಗಳನ್ನೆಲ್ಲ ಮುದ್ದೆಯ ಅಡಿಗೆ ಸೇರಿಸಿ, ಮೇಲೆ ಬರೀ ಸಾರು ಕಾಣುವಂತೆ ಬಡಿಸಿದಳು. ಗಡಿ ಮುಚ್ಚಿದಷ್ಟೂ ಕಳ್ಳಸಾಗಣೆ ಜಾಸ್ತಿ ಎಂದು ಇವನು ಬೆರಳು ಚೀಪುತ್ತ ನನಗೆ ಪಾಠ ಹೇಳಿದ.

ಇನ್ನು ಕೋರ್ಟಿಗೆ ಹೋಗುವ ಚೆಂದ! ನಮ್ಮೂರಿನ ಬಸ್ಸನ್ನು ನಂಬಿದರೆ ಕೇಸು ಕೂಗುವ ಹೊತ್ತಿಗೆ ತಲುಪುವಂತಿಲ್ಲ. ಅದಕ್ಕೇ ಇವನು ಹಿಂದಿನ ದಿನವೇ ಊರಿಗೆ ಹೋಗಿದ್ದು, ಬೆಳಗ್ಗೆ ಅಪ್ಪನನ್ನು ತನ್ನ ಬೈಕಿನಲ್ಲೇ ಕರೆದೊಯ್ಯುತ್ತಿದ್ದ. ವಾದಿಯ ವಕೀಲ ಮುಂದೆ, ಪ್ರತಿವಾದಿ ಹಿಂದೆ! ಶತ್ರುವಿನ ಮೈ ಸೋಕಬಾರದೆಂದು ಅಪ್ಪ ನಡುವೆ ಕೈಚೀಲ ಇಟ್ಟುಕೊಳ್ಳುತ್ತಿದ್ದರು. ಹಂಪು ಬಂದಾಗ ಮಾತ್ರ ಶತ್ರುವಿನ ಹೆಗಲನ್ನೇ ಗಟ್ಟಿಯಾಗಿ ಹಿಡಿಯುತ್ತಿದ್ದರು. ಕೋರ್ಟು ಮುಗಿದ ಮೇಲೆ ಒಂದೇ ಹೋಟೆಲಿನಲ್ಲಿ, ಬೇರೆ ಬೇರೆ ಮೇಜಿನಲ್ಲಿ, ಇಬ್ಬರೂ ಮಸಾಲೆ ದೋಸೆ ತಿನ್ನುತ್ತಿದ್ದರಂತೆ.

ಅಪ್ಪನನ್ನು ಪಾಟೀಸವಾಲು ಮಾಡುವ ದಿನ ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ಹೊಳೆನರಸೀಪುರಕ್ಕೆ ಹೋದೆ. ಮೂಲೆಯ ಬೆಂಚಿನಲ್ಲಿ ಅತ್ತೆ ಸೆರಗು ಹಿಂಡುತ್ತ ಕೂತಿದ್ದರು. ತಂಗಿಯ ಮದುವೆಯ ಖರ್ಚಿನಲ್ಲೇ ಅವಳ ಪಾಲು ತೀರಿಹೋಗಿದೆ ಎನ್ನುವುದು ಅಪ್ಪನ ವಾದ. ಇವನಿನ್ನು ವೀಟೋ ಪುರಾಣ ಬಿಚ್ಚಿ ಜಡ್ಜ್ ಸಾಹೇಬರ ತಲೆ ತಿನ್ನುತ್ತಾನೆ, ಅತ್ತೆಯ ಕಥೆ ಮುಗಿಯಿತು ಎಂದು ನಾನು ಮನೆದೇವರಿಗೆ ಹರಕೆ ಹೊತ್ತೆ. ಇವನು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ.

"ನಿಮ್ಮ ತಂಗಿ ಶಾಲೆ ಬಿಟ್ಟದ್ದು ಯಾಕೆ?"

ಇದು ಕೇಸಿಗೆ ಸಂಬಂಧವಿಲ್ಲದ ಮಾತು ಎಂದು ಅಪ್ಪನ ವಕೀಲರು ಎದ್ದರು. ಅಷ್ಟರಲ್ಲಿ ಅಪ್ಪ ಉತ್ತರ ಕೊಟ್ಟಾಗಿತ್ತು.

"ದನ ನೋಡ್ಕಳಕ್ಕೆ ಯಾರೂ ಇರ್ನಿಲ್ಲ ಸಾ. ನಾನು ಓದ್ಲಿ ಅಂತ ಅವಳ್ನ ಬಿಡ್ಸುದ್ರು."

ಎರಡನೇ ಪ್ರಶ್ನೆ ಬರಲಿಲ್ಲ. ಪ್ರಪಂಚಕ್ಕೆಲ್ಲ ಬುದ್ಧಿ ಹೇಳುವವನು ಕಾಗದ ಮಡಚಿಟ್ಟು ಕೂತ. ಅಪ್ಪ ಮೂಲೆಯ ಬೆಂಚಿನ ಕಡೆಗೆ ತಿರುಗಿದರು.

"ಬರ್ಕಳಿ ಸಾ. ಅವಳ ಪಾಲು ಅವಳ್ಗೆ."

ಅವರ ವಕೀಲರು ಕೂತರು, ಎದ್ದರು, ಮತ್ತೆ ಕೂತರು. ರಾಜಿಯಾಯಿತು. ನಾನು ಕೋರ್ಟೆನ್ನುವುದನ್ನು ಮರೆತು ಚಪ್ಪಾಳೆ ತಟ್ಟಲು ಹೋಗಿ ಡವಾಲಿ ಹಾಕಿದ ಜವಾನನಿಂದ ಬೈಸಿಕೊಂಡೆ!

ಆದರೆ ನಿಜವಾದ ಗೆಲುವು ಆಚೆ, ಹೊಂಗೆಮರದ ಕೆಳಗೆ. ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದ ಅತ್ತೆಗೆ ಅಪ್ಪ ಅಡ್ಡ ನಿಂತು, "ಎತ್ಲಾಗ್ ಓಯ್ತಿದ್ದೀಯಾ? ಮನೆಗ್ ನಡಿ" ಎಂದರು. ಅಣ್ಣ ತಂಗಿ ಇಬ್ಬರನ್ನೂ ಬೈಕಿನ ಹಿಂದೆ ಹೇರಿಕೊಂಡು ಇವನು ಹಾರ್ನ್ ಬಾರಿಸುತ್ತ ಹೊರಟ. ತ್ರಿಬಲ್ ರೈಡಿಂಗ್, ಅದೂ ಕರಿಕೋಟು ಹಾಕಿಕೊಂಡು! ಆ ದಿನ ಊರಿನ ಮನೆಯಲ್ಲಿ ನಾಟಿಕೋಳಿ ಮುದ್ದೆಯ ಮೇಲೆಯೇ ರಾಜಾರೋಷವಾಗಿ ಕೂತಿತ್ತು. ಇವನು ವೀಟೋ ಬಗ್ಗೆ ದೀರ್ಘ ಭಾಷಣ ಮಾಡಿದ. ಎಲ್ಲರ ಬಾಯಿ ತುಂಬಿದ್ದರಿಂದ ಯಾರೂ ತಡೆಯಲಿಲ್ಲ.

ಕೆಲವು ವಾರಗಳಾದ ಮೇಲೆ ಅಪ್ಪ, ಉಳಿದ ಜಮೀನನ್ನು ಮಗನ ಹೆಸರಿಗೆ ಮಾಡಿ ಮುಗಿಸೋಣವೆಂದು ನನ್ನನ್ನು ಊರಿಗೆ ಕರೆಸಿದರು. ಪತ್ರ ಬರೆಯುವವರು ಎಲ್ಲ ಸಿದ್ಧಮಾಡಿ ತಂದಿದ್ದರು. ನನಗೇನೂ ಬೇಡ ಎಂದು ಬಿಟ್ಟುಕೊಡುವ ಕಾಗದಕ್ಕೆ ನನ್ನ ಒಂದು ರುಜು ಸಾಕಿತ್ತು. ನಾನು ಓದಲೂ ಇಲ್ಲ. ಓದುವುದೇನಿದೆ? ನನಗೆ ಕೆಲಸವಿದೆ, ಗಂಡನಿದ್ದಾನೆ. ನಮ್ಮ ಸುತ್ತಿನ ಹೆಣ್ಣುಮಕ್ಕಳೆಲ್ಲ ಹಾಕುವ ರುಜು ತಾನೇ? ಪೆನ್ನು ತೆಗೆದೆ. ತಮ್ಮ ನನ್ನ ಕೈ ಹಿಡಿದುಕೊಂಡ.

"ನೀನು ಇದ್ಕೆ ಸೈನ್ ಆಕುದ್ರೆ, ನಾಳೆನೇ ನಿನ್ ವಕೀಲನಾಗಿ ನನ್ ಮ್ಯಾಲೇ ಕೇಸ್ ಆಕ್ತೀನಿ ಕಣಕ್ಕ."

ಕುರ್ಚಿಯಲ್ಲಿ ಕೂತಿದ್ದ ಅಪ್ಪ ಎಲೆಅಡಿಕೆ ಅಗಿಯುತ್ತ, "ಆಕ್ತನೆ ಕಣವ್ವ. ನಂಗೆ ಅನುಬವ ಅದೆ" ಎಂದರು.

ನಗೋಣವೆಂದು ಬಾಯಿ ತೆರೆದೆ, ಅಳು ಬಂತು. ಅತ್ತೆಯ ಪಾಲಿಗಾಗಿ ದೇವರಿಗೆ ಹರಕೆ ಹೊತ್ತವಳು ನಾನು. ಆ ಮನೆಯಲ್ಲಿ ನನಗೂ ಒಂದು ಪಾಲಿದೆ ಎಂದು ನನಗೇ ಹೊಳೆದಿರಲಿಲ್ಲ. ಅವನಿಗೆ ಹೊಳೆದಿತ್ತು.