ಚಳಿಗೆ ಜಗ್ಗದ ದ್ರಾಕ್ಷಿಯೂ ಹರವೆಯ ಭಾವನೂ

ನಿವೃತ್ತಿಯಾಗಿ ಸುಮ್ಮನೆ ಕೂತವರಿಗೆ ಏನಾದರೊಂದು ಕಾಯಿಲೆ ಬರುತ್ತದಂತೆ. ನನಗೆ ಬಂದದ್ದು ದ್ರಾಕ್ಷಿ. ಅದು ಬಂದ ಮೇಲೆ, ನಗುವಂಥದ್ದೇನೂ ನಡೆಯದ ವಾರ ಒಂದಾದರೂ ಕಳೆದ ನೆನಪು ನನಗಿಲ್ಲ.

ಗುಂಡ್ಲುಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದವನು ನಾನು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಊಟಿ ಕಡೆ ತೋಟಗಾರಿಕೆ ಕೆಲಸದಲ್ಲಿದ್ದ ಹಳೆಯ ಶಿಷ್ಯನೊಬ್ಬ ಒಂದು ಕಟ್ಟು ದ್ರಾಕ್ಷಿ ಕಡ್ಡಿ ತಂದುಕೊಟ್ಟ. ವೈನಿಗೆ ಹೇಳಿಮಾಡಿಸಿದ ಬಿಳಿ ಜಾತಿ, ನೀರು ಹೆಪ್ಪುಗಟ್ಟುವ ಚಳಿಗೂ ಜಗ್ಗುವುದಿಲ್ಲ ಎಂದ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ನನ್ನ ಹೆಂಡತಿಗೆ ತವರಿನಿಂದ ಬಂದ ಒಂದೆಕರೆ ಜಮೀನಿತ್ತು. ಬೆಟ್ಟದ ಹೆಸರಲ್ಲೇ ಹಿಮ ಇರುವಾಗ ಬೇರೆ ಜಾಗ ಯಾಕೆ ಹುಡುಕಬೇಕು?

ಹೆಂಡತಿ ಒಂದು ಷರತ್ತು ಹಾಕಿದಳು. "ಮೊದಲ ಫಸಲು ಬಂದಾಗ ಹರವೆಯಿಂದ ನಮ್ಮಣ್ಣ ಬಂದು ನೋಡ್ಲಿ. ಅವನು ಇರ್ಲಿ ಅಂದ್ರೆ ಇರ್ಲಿ. ಬೇಡ ಅಂದ್ರೆ ಎಲ್ಲ ಕಿತ್ತಾಕಿ ಅರಿಶಿನ ಹಾಕೋದು."

ಈ ಭಾವನ ವಿಷಯ ಹೇಳಿಬಿಡುತ್ತೇನೆ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಬಸ್ಸು ಹೆಂಡದಂಗಡಿ ಮುಂದೆ ನಿಂತರೆ ಕಿಟಕಿಯಿಂದ ಮುಖ ತಿರುಗಿಸಿ ಕೂರುವ ಮನುಷ್ಯ. ಆದರೂ ನಾನು ಹೂಂ ಎಂದೆ. ನನ್ನ ದ್ರಾಕ್ಷಿಯ ಮೇಲೆ ನನಗೆ ಅಷ್ಟು ಭರವಸೆ.

ಕಂಬ ಮತ್ತು ತಂತಿ

ಈ ಜಾತಿಯ ಬಳ್ಳಿಗೆ ತಲೆಯ ಮೇಲೆ ಚಪ್ಪರ ಹಾಕುವುದಿಲ್ಲ. ಸಾಲಾಗಿ ಕಂಬ ನೆಟ್ಟು ಅಡ್ಡಡ್ಡ ತಂತಿ ಎಳೆಯಬೇಕು. ಪೇಟೆಯಿಂದ ವೆಲ್ಡಿಂಗ್ ಭಾಯ್ ಬಂದರು. ಕೆಲಸ ಮುಗಿಸಿ, ದೂರ ನಿಂತು ನೋಡಿ ಗಡ್ಡ ಕೆರೆದುಕೊಂಡರು.

"ಸಾರ್, ಇದು ಬೇಲಿ ಅಲ್ಲ, ಚಪ್ಪರಾನೂ ಅಲ್ಲ. ಯಾರಾದ್ರೂ ಕೇಳಿದ್ರೆ ಏನ್ ಮಾಡ್ದೆ ಅಂತ ಹೇಳ್ಲಿ?"

"ವಿಜ್ಞಾನ ಅಂತ ಹೇಳಿ ಭಾಯ್."

"ಅದು ಬೇಡ ಸಾರ್. ಆಮೇಲೆ ನಂಗೆ ಬೇರೆ ಕೆಲಸ ಸಿಗಲ್ಲ."

ಮಾರನೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಮೊದಲ ಮೂರು ಸಾಲಿನ ಮೇಲೂ ಕಂಬಳಿ, ಸೀರೆ, ಪಂಚೆ. ಪಕ್ಕದ ಕೇರಿಯ ಹೆಂಗಸರು ಕೊಳದಲ್ಲಿ ಬಟ್ಟೆ ಒಗೆದು ಸಾಲಾಗಿ ಹರವಿದ್ದಾರೆ. ಅವರಲ್ಲೊಬ್ಬಳು ಕೈಮುಗಿದಳು. "ಕಲ್ಲಿನ್ ಮ್ಯಾಲೆ ಒಣಗಾಕ್ತಿದ್ದೋ ಸ್ವಾಮಿ. ನಿಮ್ಮಂಗೆ ಊರ್ನೋರ್ ಕಷ್ಟ ನೋಡಿ ಯಾರೂ ಮಾಡಿರ್ಲಿಲ್ಲ."

ಇದು ದ್ರಾಕ್ಷಿಗೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಾಲ್ಕನೆಯ ಸಾಲಿನ ಕಡೆ ಕಣ್ಣು ಹೋಯಿತು. ಅಲ್ಲಿ ನೇತಾಡುತ್ತಿದ್ದುದು ನನ್ನದೇ ಶರಟು. ಹೆಂಡತಿ ನನಗಿಂತ ಮುಂಚೆ ಬಂದುಹೋಗಿದ್ದಳು.

ನಿದ್ದೆ ಮಾಡದ ಬಳ್ಳಿ

ಚಳಿ ದೇಶದ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಎದ್ದ ಮೇಲೆಯೇ ಅದು ಚೆನ್ನಾಗಿ ಚಿಗುರಿ ಹೂಬಿಡುವುದು. ನಮ್ಮ ಬೆಟ್ಟದ ಚಳಿ ಅದಕ್ಕೆ ಲೆಕ್ಕಕ್ಕೇ ಬರಲಿಲ್ಲ. ಬಂಡೀಪುರದ ಕಡೆಯ ಗಾಳಿಗೆ ನಮ್ಮ ಹಲ್ಲು ಕಟಕಟ ಎನ್ನುತ್ತಿದ್ದರೆ ಬಳ್ಳಿ ಹಸಿರಾಗಿ ತೂಗುತ್ತಿತ್ತು. ನಾನೇನು ಬಿಡುವವನೇ? ಕೂತು ಒಂದೊಂದೇ ಎಲೆ ಕೀಳತೊಡಗಿದೆ.

ಪಕ್ಕದ ಹೊಲದ ಯಜಮಾನರು ಕಿವಿ ಮುಚ್ಚುವ ಟೋಪಿ ಹಾಕಿ, ಕಂಬಳಿ ಹೊದ್ದು ಬಂದು ನಿಂತರು.

"ಏನ್ ಮೇಷ್ಟ್ರೇ, ಪಲ್ಯಕ್ಕಾ?"

"ಇಲ್ಲ ಯಜಮಾನ್ರೇ. ಎಲೆ ಹೋದ್ರೆ ಚಳಿಗಾಲ ಬಂತು ಅಂತ ಬಳ್ಳಿ ನಂಬುತ್ತೆ. ನಂಬಿದ್ರೆ ಮಲಗುತ್ತೆ."

"ನಂಗೆ ಈಪಾಟಿ ಚಳಿ ಆಯ್ತಾ ಐತೆ, ಅದುಕ್ಕೆ ಗೊತ್ತಾಗಕಿಲ್ವಾ?"

"ಅದು ನಿಮಗಿಂತ ಗಟ್ಟಿ."

ಅವರು ತಲೆಯಾಡಿಸಿಕೊಂಡು ಹೊರಟರು. ಹೊರಟವರು ಮನೆಗೆ ಹೋಗಲಿಲ್ಲ. ನೇರ ನನ್ನ ಹೆಂಡತಿಯ ಹತ್ತಿರ ಹೋಗಿ ದನಿ ತಗ್ಗಿಸಿದರಂತೆ. "ಮೇಷ್ಟ್ರು ಗಿಡುಕ್ಕೆ ಸುಳ್ಳೇಳ್ತಾ ಕುಂತವ್ರೆ ಕಣವ್ವ. ಒಂದ್ ತಾಯತ ಕಟ್ಸು."

ಗಿಡ ಮಾತ್ರ ನನ್ನ ಸುಳ್ಳನ್ನು ನಂಬಿತು. ಮಲಗಿತು, ಎದ್ದಿತು, ಗೊಂಚಲು ಬಿಟ್ಟಿತು. ತಾಯತ ಈಗಲೂ ನನ್ನ ತೋಳಲ್ಲಿದೆ. ಫಸಲಿನ ಕೀರ್ತಿಯೆಲ್ಲ ಹೋದದ್ದು ಅದಕ್ಕೇ.

ಕಪ್ಪಾಗದ ಹಣ್ಣು

ಬಿಳಿ ದ್ರಾಕ್ಷಿ ಹಣ್ಣಾದರೂ ಕಪ್ಪಾಗುವುದಿಲ್ಲ, ಹಸಿರು ತುಸು ಹೊನ್ನಾಗುತ್ತದೆ, ಅಷ್ಟೆ. ಇದು ಊರಿಗೆ ಗೊತ್ತಿರಲಿಲ್ಲ. ಹಾಗಾಗಿ ಒಂದು ಗೊಂಚಲೂ ಕಳುವಾಗಲಿಲ್ಲ. ಹಾದುಹೋಗುವವರೆಲ್ಲ "ಇನ್ನೂ ಕಾಯಿ, ಪಾಪ" ಎಂದು ಮರುಗುತ್ತಿದ್ದರು. ನಾನು ತೆಪ್ಪಗಿದ್ದಿದ್ದರೆ ಸಾಕಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದ ಬಾಯಿ. ಟೀ ಅಂಗಡಿಯಲ್ಲಿ ಹಣ್ಣು ಮಾಗುವ ಬಗೆಯನ್ನು ಸವಿಸ್ತಾರವಾಗಿ ವಿವರಿಸಿದೆ.

ಸಂಜೆಗೆ ತೋಟದಲ್ಲಿ ಜನವೋ ಜನ. ಎಲ್ಲರ ಬಾಯಿಯೂ ತುಂಬಿತ್ತು. ನನ್ನ ತರಗತಿಗೆ ಅಷ್ಟು ಹಾಜರಿ ಯಾವತ್ತೂ ಇರಲಿಲ್ಲ.

ಭಾವನ ತೀರ್ಪು

ಉಳಿದ ಹಣ್ಣಿಗೆ ವೈನ್ ಮಾಡುವವರ ಲಾರಿ ಸೋಮವಾರ ಬರುವುದೆಂದು ಗೊತ್ತಾಯಿತು. ಹೆಂಡತಿ ಎಸ್‌ಟಿಡಿ ಬೂತಿಗೆ ಹೋಗಿ ಹರವೆಗೆ ಸುದ್ದಿ ಮುಟ್ಟಿಸಿದಳು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಭಾವ ಇಳಿದರು. ಹಿಂದೆ ಕೈಕಟ್ಟಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಡೆದರು. ಹೆಂಡತಿ ಅವರ ಮುಖ ನೋಡುತ್ತಿದ್ದಳು, ನಾನು ಅರಿಶಿನ ನೆಡುವ ಖರ್ಚು ನೆನೆಯುತ್ತಿದ್ದೆ.

"ಬಾವ, ಇದುನ್ನ ಏನ್ ಮಾಡ್ತಾರೆ?" ನನ್ನ ಕಡೆ ತಿರುಗಿ ಕೇಳಿದರು.

ಸುಳ್ಳು ಹೇಳುವುದು ಬಳ್ಳಿಗೆ ಸರಿ, ಭಾವನಿಗಲ್ಲ. "ವೈನು" ಎಂದೆ. ಹೆಂಡತಿ ಕಣ್ಣು ಮುಚ್ಚಿದಳು.

ಭಾವ ಒಂದು ಗೊಂಚಲು ಕಿತ್ತರು. ನಿಂತುಕೊಂಡು ಪೂರಾ ತಿಂದರು. ಬೀಜ ಉಗಿದು ಎರಡನೆಯದಕ್ಕೆ ಕೈಹಾಕಿದರು. ಮೂರನೆಯದನ್ನು ಬದುವಿನ ಮೇಲೆ ಕೂತು ತಿಂದರು. ನಾಲ್ಕನೆಯದು ಕೈಗೆ ಬಂದಾಗ ಹೆಂಡತಿಗೆ ತಡೆಯಲಾಗಲಿಲ್ಲ.

"ಅಣ್ಣ, ಏನಾದ್ರೂ ಹೇಳು."

"ತಡಿ ಕಣಮ್ಮಿ. ನಾಳೆ ಲಾರಿಗೋದದ್ದೆಲ್ಲ ಹೆಂಡ ಆಯ್ತದೆ. ನನ್ನ ಹೊಟ್ಟೆಗೋದದ್ದು ಹಣ್ಣಾಗೇ ಇರ್ತದೆ. ಆದಷ್ಟು ಉಳಿಸ್ತಾ ಇವ್ನಿ."

"ಅಷ್ಟೊಂದು ಪಾಪ ಅಂದ್ರೆ ಕಿತ್ತಾಕಿಸ್ಬುಡ್ಲಾ?"

ಭಾವ ಅಗಿಯುವುದನ್ನು ನಿಲ್ಲಿಸಿ, ತಂಗಿಗೆ ಬುದ್ಧಿ ಕೆಟ್ಟಿತೇ ಎಂಬಂತೆ ನೋಡಿದರು.

"ಕಿತ್ತಾಕ್ಬುಟ್ರೆ, ಬರೋ ವರ್ಷ ನಾನು ಏನ್ನ ಉಳಿಸ್ಲಿ?"