ಟೈಪಿಂಗ್ ಕ್ಲಾಸಿನಲ್ಲಿ ತಾಳ್ಮೆಯ ಪರೀಕ್ಷೆ

ಟೈಪಿಂಗ್ ಕ್ಲಾಸು ನಡೆಸುವವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ; ಬೆಳಿಗ್ಗೆ ಬಾಗಿಲು ತೆರೆದರೆ ಸಾಕು, ನಗಿಸುವವರು ತಾವಾಗಿಯೇ ಬಂದು ಕೂಡುತ್ತಾರೆ. ಮಿರಜಿನಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ನನ್ನ ಕ್ಲಾಸು. ಎಂಟು ಮಷಿನ್ನು, ಒಂದು ಗೋಡೆ ಗಡಿಯಾರ, ಒಳಬಾಗಿಲಲ್ಲಿ ನನ್ನ ಹೆಂಡತಿ. ಪಾಠ ಹೆಚ್ಚಾಗಿ ಮರಾಠಿಯಲ್ಲಿ, ಜಗಳ ಪೂರ್ತಿ ಕನ್ನಡದಲ್ಲಿ.

ಹೆಂಡತಿಯೊಡನೆ ಜಗಳ ಒಂದೇ ವಿಷಯಕ್ಕೆ. ತಾಳ್ಮೆ ಹುಡುಗಿಯರಿಗೆ ಹುಟ್ಟುತ್ತಲೇ ಬರುತ್ತದೆ, ಹುಡುಗರಿಗೆ ಮೀಸೆ ಬಂದರೂ ಬರುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಬಂದವರಿಗೆಲ್ಲ ಇದನ್ನು ಹೇಳಿ ಕಡೆಗೆ ನಮ್ಮ ಮಗಳನ್ನೇ ಸಾಕ್ಷಿ ನಿಲ್ಲಿಸುತ್ತಿದ್ದೆ. ಆ ಸಾಕ್ಷಿ ಒಂದು ದಿನ ತಿರುಗಿಬಿದ್ದಳು. ಅದು ಆಮೇಲೆ.

೧. ನಾಲ್ಕನೆಯ ದಿನ

ಮೊದಲ ಪಾಠ ಎ, ಎಸ್, ಡಿ, ಎಫ್. ಹದಿನೈದು ದಿನ ಅದೇ. ಹುಡುಗಿಯರು ತುಟಿ ಎರಡು ಮಾಡದೆ ಹೊಡೆಯುತ್ತಾರೆ. ಹುಡುಗರು ಮೂರನೆಯ ದಿನಕ್ಕೇ, "ಸರ್, ನೌಕರಿ ಅರ್ಜಿ ಹೊಡೀಲೇನ್ರಿ?" ಎನ್ನುತ್ತಾರೆ.

ಅಂಥವನೊಬ್ಬ ಕುಪವಾಡ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿಯುವ ಅವಸರದಲ್ಲಿದ್ದ. ನಾಲ್ಕನೆಯ ದಿನ ಹತ್ತೂ ಬೆರಳಿನಿಂದ ಒಮ್ಮೆಗೇ ಬಡಿದ. ಅಕ್ಷರದ ಆರು ಕಡ್ಡಿಗಳು ಎದ್ದು ನಡುವೆ ಒಂದಕ್ಕೊಂದು ಸಿಕ್ಕಿಕೊಂಡವು. ಬಿಡಿಸಲು ಹೋಗಿ ಎರಡನ್ನು ಬಗ್ಗಿಸಿದ. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಮಾಡಿದ್ಯೋ ಇದು?" ಎಂದೆ.

ಅವನು ಮರುಕದಿಂದ ಮಷಿನ್ನಿನ ಬೆನ್ನು ತಟ್ಟಿ, "ಪಾಪ, ವಯಸ್ಸಾಗೇತ್ರಿ ಸರ್. ನನ್ನ ಸ್ಪೀಡು ತಾಳಲಿಲ್ಲ" ಎಂದ.

೨. ಬಿಳಿ ಹಾಳೆ

ಮ್ಹೈಸಾಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯದು ಇದಕ್ಕೆ ಉಲ್ಟಾ. ತಲೆ ಎತ್ತುತ್ತಿರಲಿಲ್ಲ. ಒಂದು ಶನಿವಾರ ಅವಳ ಹಾಳೆಗಳನ್ನು ತಿದ್ದಲು ಕೈಗೆತ್ತಿಕೊಂಡರೆ ನಾಲ್ಕು ದಿನದ ಹಾಳೆ ಹಾಲಿನಷ್ಟು ಬಿಳಿ. ಮಷಿನ್ನಿನ ರಿಬ್ಬನ್ನು ಒಣಗಿಹೋಗಿತ್ತು.

"ಅಕ್ಷರ ಮೂಡವಲ್ಲವು ಅಂತ ನಿನಗ ಯಾವಾಗ ಗೊತ್ತಾತು?"

"ಮೊದಲನೇ ದಿನಾನರಿ."

"ಮತ್ತ ಹೇಳಲಿಲ್ಲ ಯಾಕ?"

"ಪುಸ್ತಕ ಬಿಟ್ಟು ಎಲ್ಲೂ ನೋಡಬ್ಯಾಡ, ಬಾಯಿ ತಗೀಬ್ಯಾಡ ಅಂದಿದ್ರಿ."

ಒಳಗೆ ಹೋಗಿ ಹೆಂಡತಿಗೆ ಹೇಳಿದೆ, "ನೋಡಿದ್ಯಾ, ತಾಳ್ಮಿ ಅಂದ್ರ ಇದು."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದು ತಾಳ್ಮಿ ಅಲ್ಲ, ನಿಮ್ಮ ಮ್ಯಾಲಿನ ಅಂಜಿಕಿ. ನಾಕು ದಿನ ಹಾಳಿ ನೋಡಲಾರದ ಕುಂತಿದ್ರಲ್ಲ, ತಾಳ್ಮಿ ನಿಮ್ದು."

೩. ಪಾಳಿ

ಊರಿಗೆ ಕಂಪ್ಯೂಟರ್ ಬಂತು. ಓಣಿಗೊಂದು ಬೋರ್ಡು ಎದ್ದಿತು. ಇನ್ನು ನಿಮ್ಮ ಮಷಿನ್ನು ಗುಜರಿಗೇ ಎಂದು ಜನ ಹೆದರಿಸಿದರು. ಹೆದರಿ ನಾನೂ ಒಂದನ್ನು ತಂದು, ಅದಕ್ಕೆ ಬಟ್ಟೆ ಹೊದಿಸಿ, ಚಪ್ಪಲಿ ಹೊರಗೆ ಬಿಡಿ ಎಂದು ಚೀಟಿ ಅಂಟಿಸಿದೆ. ಒಬ್ಬೊಬ್ಬರಿಗೆ ಅರ್ಧ ತಾಸಿನ ಪಾಳಿ.

ಹುಡುಗರಿಗೆ ಅದು ಚಾಲೂ ಆಗುವವರೆಗೂ ತಡೆಯಲಾಗದು. ಮತ್ತೆ ಮತ್ತೆ ಗುಂಡಿ ಒತ್ತುವರು, ಅದು ಮತ್ತೆ ಮೊದಲಿನಿಂದ ಶುರು ಮಾಡುವುದು. ಅವರಿಗೆ ತಾಳ್ಮೆಯ ಮೇಲೆ ದೊಡ್ಡ ಭಾಷಣವನ್ನೇ ಕೊಟ್ಟೆ.

ಆ ಮಧ್ಯಾಹ್ನ ಖೋಲಿ ಖಾಲಿ ಇತ್ತು. ಸುಮ್ಮನೆ ಅದರೊಳಗಿನ ಇಸ್ಪೀಟಾಟ ತೆರೆದು ಕೂತೆ. ಎಷ್ಟು ಹೊತ್ತಾಯಿತೋ, ಬೆನ್ನ ಹಿಂದೆ ಯಾರೋ ಕೆಮ್ಮಿದರು. ಅದೇ ಮ್ಹೈಸಾಳದ ಹುಡುಗಿ. ಈಗ ಎರಡು ವರ್ಷ ದೊಡ್ಡವಳು.

"ಸರ್, ನನ್ನ ಪಾಳಿ ಬಂದು ಇಪ್ಪತ್ತು ಮಿನಿಟ ಆತು."

"ಒಂದ್ ಮಿನಿಟ ತಾಳವಾ, ಮುಗೀತು."

"ಹಂಗ ಮುಗಿಯೂದಿಲ್ರಿ. ಕರಿ ರಾಣಿನ ಕೆಂಪು ರಾಜಾನ ಮ್ಯಾಲ ಇಡ್ರಿ, ಇಟ್ಟು ಏಳ್ರಿ."

೪. ಸಾಕ್ಷಿ

ಈಗ ಮಗಳ ವಿಷಯ. ಅವಳಿಗೆ ಸರಕಾರಿ ಆಫೀಸಿನ ನೌಕರಿಯ ಆಸೆ. ಅದಕ್ಕೆ ಟೈಪಿಂಗ್ ಪರೀಕ್ಷೆ ಪಾಸಾಗಲೇಬೇಕು. ಪರೀಕ್ಷೆ ಸಾಂಗಲಿಯಲ್ಲಿ, ಮಧ್ಯಾಹ್ನ ಮೂರಕ್ಕೆ. ಅದೇ ದಿನ ಹನ್ನೊಂದಕ್ಕೆ ಮಾಧವನಗರದವರು ಹೆಣ್ಣು ನೋಡಲು ಬರುತ್ತೇವೆಂದರು. ಹುಡುಗನ ತಾಯಿ ಕೇಳಿದ್ದು ಒಂದೇ: "ಹುಡುಗೀಗೆ ತಾಳ್ಮಿ ಐತೇನ್ರಿ?" ನಾನು ಎದೆಯುಬ್ಬಿಸಿ, "ನಮ್ಮ ಮನ್ಯಾಗ ಅದಕ್ಕೇನ್ ಬರಾ ಇಲ್ರಿ" ಎಂದಿದ್ದೆ.

ಹನ್ನೊಂದಾಯಿತು, ಹನ್ನೆರಡಾಯಿತು, ಒಂದೂವರೆ ಆಯಿತು. ಗಂಡಿನವರ ಸುಳಿವಿಲ್ಲ. ಸೀರೆ ಉಟ್ಟ ಮಗಳು ಗಡಿಯಾರ ನೋಡುತ್ತ ಕೂತಿದ್ದಳು.

"ತಾಳಿದವನು ಬಾಳಿಯಾನು ಮಗಳ" ಎಂದೆ.

"ತಾಳಿದವರಿಗೆ ಪರೀಕ್ಷಾ ಹಾಲ್‌ನೊಳಗ ಬಿಡಂಗಿಲ್ಲ ಅಪ್ಪಾ" ಎಂದು ಎದ್ದು, ಉಟ್ಟ ಸೀರೆಯಲ್ಲೇ ಬಸ್ ಹಿಡಿದಳು. ಹೆಂಡತಿ ತಡೆಯಲಿಲ್ಲ, ಅವಳೇ ಹಾಲ್ ಟಿಕೀಟು ಕೈಗಿಟ್ಟಳು. ನನಗೆ ಗಾಬರಿ. ಜೊತೆಗೆ, ನಿಜ ಹೇಳಬೇಕೆಂದರೆ, ನಾಚಿಕೆಯೂ ಆಯಿತು. ಇಷ್ಟು ವರ್ಷ ಹುಟ್ಟುಗುಣ ಎಂದು ನಾನು ಹೊಗಳುತ್ತಿದ್ದದ್ದು, ನಾವೇ ಕುಂದ್ರಿಸಿ ಕುಂದ್ರಿಸಿ ಹುಡುಗಿಯರಿಗೆ ಮಾಡಿಸಿದ ರೂಢಿ.

ಅವಳು ಹೋಗಿ ಹತ್ತು ಮಿನಿಟಿಗೆ ಹುಡುಗ, ತಾಯಿ, ಕಾಕಾ ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ, "ಐದಕ್ಕ ಬರತಾಳ್ರಿ, ಕುಂದ್ರಿ" ಎಂದೆ. ತಾಯಿ ಮೂರು ಸಲ ಎದ್ದರು. ಕಾಕಾ ಕೈಗಡಿಯಾರ ಬಿಚ್ಚಿ ಕಿವಿಗೆ ಹಿಡಿದು ನೋಡಿದರು. ಹುಡುಗ ಎರಡು ತಾಟು ಪೋಹೆ ಮುಗಿಸಿ, "ನಾವೂ ತಡಾ ಮಾಡೇವಲ್ಲ ಅವ್ವಾ, ಕುಂದ್ರು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಮಾಮಾ, ಈ ಮಷಿನ್ ಹೆಂಗ ಹೊಡೀತಾರ್ರಿ?" ಎಂದು ಕೇಳಿದ.

ಎ, ಎಸ್, ಡಿ, ಎಫ್ ತೋರಿಸಿದೆ. ಹೊಡೆದ. ಒಂದು ತಾಸು ಹೊಡೆದ, ಎರಡು ತಾಸು ಹೊಡೆದ. ಅರ್ಜಿ ಹೊಡೀಲೇನ್ರಿ ಎಂದು ಕೇಳಲಿಲ್ಲ. ನನ್ನ ಸಿದ್ಧಾಂತಕ್ಕೆ ಇಂಥ ಪೆಟ್ಟು ಯಾವ ಹುಡುಗನೂ ಕೊಟ್ಟಿರಲಿಲ್ಲ.

ಐದೂಕಾಲಿಗೆ ಮಗಳು ಬಂದಳು. ಮುಖ ನೋಡಿದರೆ ಪರೀಕ್ಷೆ ಚೆನ್ನಾಗಿ ಆಗಿತ್ತು. ತನ್ನ ಮಷಿನ್ನಿನ ಮುಂದೆ ಅಪರಿಚಿತ ಕೂತಿದ್ದನ್ನು ಕಂಡು ನಿಂತಳು. ಹುಡುಗನ ತಾಯಿ ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅವಳು ಕ್ಲಾಸಿನಲ್ಲಿ ತಿದ್ದುವ ರೂಢಿಯಂತೆ ಹಾಳೆಯನ್ನು ಸರ್ರನೆ ಎಳೆದು, ಪೆನ್ಸಿಲ್ ಹಿಡಿದು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದಳು. ಹುಡುಗ ಎದ್ದು ಕೈಕಟ್ಟಿ ನಿಂತುಬಿಟ್ಟ.

ಮಗಳು ಹಾಳೆಯನ್ನು ನನ್ನ ಕೈಗೆ ಕೊಟ್ಟಳು.

"ಸ್ಪೀಡ್ ಏನೇನೂ ಇಲ್ಲ ಅಪ್ಪಾ. ಆದ್ರ ಒಂದೂ ತಪ್ಪಿಲ್ಲ. ಪಾಸ್ ಮಾಡ್ರಿ."